ನಾಯ್ಸ್ ಗೇಟ್: ಗಿಟಾರಿನ ಗುಂಯ್ ಸದ್ದನ್ನು ನಾನು ಹತೋಟಿಗೆ ತಂದ ಬಗೆ

ಬೇಡದ ಸದ್ದನ್ನು ತಡೆಯುವ ನಾಯ್ಸ್ ಗೇಟ್ ಹಾಕಿದರೂ ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ ಗುಂಯ್ ಅನ್ನುವುದು ಹಾಗೇ ಇದೆ ಎಂದು ಸುಮಾರು ಜನ ದೂರುತ್ತಾರೆ. ಇದ್ದೇ ಇರುತ್ತದೆ. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಗೇಟ್ ಮುಚ್ಚುತ್ತದೆ, ಮೇಲೆ ಬಂದರೆ ತೆರೆಯುತ್ತದೆ, ಅದಕ್ಕೆ ಗೊತ್ತಿರುವುದು ಅಷ್ಟೇ. ತೆರೆದಾಗ ನೋಟ್ ಜೊತೆ ಗುಂಯ್ ಕೂಡ ಹೊರಗೆ ಬರುತ್ತದೆ. ಹಾಗಾಗಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ, ಆದಷ್ಟು ಕಡಿಮೆ ಮಾಡಿ, ಉಳಿದದ್ದನ್ನು ಮಾತ್ರ ಗೇಟಿಗೆ ಬಿಡುವುದು ನನ್ನ ಪದ್ಧತಿ.

ನಾನು ದಾವಣಗೆರೆಯಲ್ಲಿ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತೇನೆ. ಗಿಟಾರಿನಲ್ಲಿರುವುದು ಸಿಂಗಲ್ ಕಾಯಿಲ್ ಪಿಕಪ್. ತಂತಿಯ ಕಂಪನವನ್ನು ಹಿಡಿಯುವ ಅದೇ ಕಾಯಿಲ್ ಸುತ್ತಲಿನ ಕರೆಂಟಿನ 50 ಹರ್ಟ್ಸ್ ಹಮ್ಮನ್ನೂ, ಅಂದರೆ ಈ ಗುಂಯ್ ಸದ್ದನ್ನೂ, ಹಿಡಿಯುತ್ತದೆ. ಇದರ ಕಾಟ ತಪ್ಪಿಸುವುದಕ್ಕೆಂದೇ 1955ರಲ್ಲಿ ಗಿಬ್ಸನ್ ಕಂಪನಿಯ ಸೇಥ್ ಲವರ್ ಎರಡು ಕಾಯಿಲ್‌ಗಳ ಹಂಬಕರ್ ಮಾಡಿದ್ದು. ಆದರೆ ನನಗೆ ಸಿಂಗಲ್ ಕಾಯಿಲ್ ದನಿಯೇ ಬೇಕು, ಹಟ ಅಂತಲೇ ಅಂದುಕೊಳ್ಳಿ.

ಮನೆಯಲ್ಲಿ ಕೂತು ಒಂದೊಂದೇ ಸ್ವಿಚ್ ಆರಿಸುತ್ತಾ ಹೋದರೆ ಕಳ್ಳರೆಲ್ಲ ಸಿಗುತ್ತಾರೆ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಒಂದು ಅಗ್ಗದ ಎಲ್ಇಡಿ ಬಲ್ಬ್, ಕಾಲಲ್ಲಿ ಒತ್ತುವ ಎಫೆಕ್ಟ್ ಪೆಡಲ್‌ಗಳ ಬೋರ್ಡ್ ಪಕ್ಕದಲ್ಲೇ ಬಿದ್ದಿದ್ದ ಮೊಬೈಲ್ ಚಾರ್ಜರ್. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಓಡುವಾಗಂತೂ ಕೇಳುವುದೇ ಬೇಡ, ಆಗ ನಾನು ಆ್ಯಂಪ್ ಆರಿಸಿ ಸುಮ್ನೆ ಸ್ಕೇಲ್ ಅಭ್ಯಾಸ ಮಾಡುತ್ತೇನೆ. ಇನ್ನೊಂದು, ಗಿಟಾರ್ ಹಿಡಿದು ನಿಂತಲ್ಲೇ ನಿಧಾನಕ್ಕೆ ತಿರುಗಿ ನೋಡಿ. ಯಾವುದೋ ಒಂದು ದಿಕ್ಕಿನಲ್ಲಿ ಹಮ್ ಅರ್ಧಕ್ಕರ್ಧ ಇಳಿಯುತ್ತದೆ. ಕಾಸು ಖರ್ಚಿಲ್ಲ.

ಗಣಪತಿ ಪೆಂಡಾಲಿನಲ್ಲಿ ಕಥೆಯೇ ಬೇರೆ. ಜನರೇಟರ್ ಲೈನ್, ಅದೇ ಲೈನಿಗೆ ಸೀರಿಯಲ್ ಸೆಟ್ಟು, ಡಿಮ್ಮರ್ ಹಾಕಿದ ಲೈಟು. ದನಿಯನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಒತ್ತಿದ ಕೂಡಲೇ ಸಣ್ಣ ಸದ್ದೂ ದೊಡ್ಡದಾಗುತ್ತದೆ, ಯಾಕಂದ್ರೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿದಾಗ ಮೆಲ್ಲನೆಯದು ಜೋರಿನ ಸಮಕ್ಕೆ ಬಂದು ನಿಲ್ಲುತ್ತದೆ. "ಏನಣ್ಣ, ಆಂಪ್ಲಿಫೈಯರ್ ಒಳಗ ಜೇನು ಕಟ್ಟೈತೇನು?" ಅಂತ ಒಮ್ಮೆ ಸೌಂಡ್ ಸಿಸ್ಟಂ ಹುಡುಗ ಕೇಳಿದ. ಹಮ್ ಕಡಿಮೆಯಾಗುತ್ತದೆ ಎಂದು ಪ್ಲಗ್ಗಿನ ಅರ್ಥಿಂಗ್ ಪಿನ್ ಕೀಳುವವರನ್ನೂ ನೋಡಿದ್ದೇನೆ. ಆ ಕೆಲಸ ಮಾತ್ರ ಬೇಡ. ಕೈ ತಂತಿ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯಬಹುದು, ಜೀವಕ್ಕೇ ಅಪಾಯ.

ಈಗ ಗೇಟ್ ವಿಷಯ. ಥ್ರೆಷೋಲ್ಡ್, ಅಂದರೆ ಗೇಟ್ ತೆರೆದು ಮುಚ್ಚುವ ಆ ಮಟ್ಟ, ಎಷ್ಟು ಅನ್ನುವುದಕ್ಕಿಂತ ಗೇಟ್ ಎಲ್ಲಿ ಕೂತಿದೆ ಅನ್ನುವುದು ಮುಖ್ಯ ಅಂತ ನನ್ನ ಅಭಿಪ್ರಾಯ. ಡಿಸ್ಟಾರ್ಷನ್ ಆದಮೇಲೆ ಇಟ್ಟರೆ ಗೇಟಿಗೆ ನೋಟೂ ಗುಂಯ್ ಸದ್ದೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕಾಣುತ್ತವೆ, ಯಾವುದನ್ನು ತಡೆಯಬೇಕೋ ಅದಕ್ಕೆ ತಿಳಿಯುವುದಿಲ್ಲ. ಡಿಸ್ಟಾರ್ಷನ್ನಿಗೆ ಮುಂಚೆ ಇಟ್ಟರೆ ಪೆಡಲ್ಲೇ ಹುಟ್ಟಿಸುವ ಹಿಸ್ ಎನ್ನುವ ಸದ್ದು ಉಳಿದುಬಿಡುತ್ತದೆ. ಬಾಸ್ ಎನ್ಎಸ್-2 ತರಹದ ಪೆಡಲ್‌ಗಳಲ್ಲಿ ಸೆಂಡ್, ರಿಟರ್ನ್ ಎಂದು ಇನ್ನೆರಡು ಜ್ಯಾಕ್ ಇರುವುದು ಇದಕ್ಕೇ. ಗಿಟಾರ್ ಇನ್‌ಪುಟ್ಟಿಗೆ, ಸೆಂಡ್‌ನಿಂದ ಡಿಸ್ಟಾರ್ಷನ್ನಿಗೆ, ಅಲ್ಲಿಂದ ವಾಪಸ್ ರಿಟರ್ನಿಗೆ, ಔಟ್‌ಪುಟ್‌ನಿಂದ ಆ್ಯಂಪಿಗೆ. ಗೇಟ್ ಕಿವಿ ಇಡುವುದು ಗಿಟಾರಿನ ಶುದ್ಧ ಸಿಗ್ನಲ್ಲಿಗೆ, ಬಾಯಿ ಮುಚ್ಚಿಸುವುದು ಡಿಸ್ಟಾರ್ಷನ್ ಆದದ್ದನ್ನು. ಪ್ರತಿಧ್ವನಿ ಕೊಡುವ ಡಿಲೇ, ರಿವರ್ಬ್ ಎರಡೂ ಗೇಟ್ ದಾಟಿದ ಮೇಲೆ ಬರಬೇಕು, ಇಲ್ಲಾಂದ್ರೆ ಅವುಗಳ ಬಾಲ ಕತ್ತರಿಸಿ ಹೋಗುತ್ತದೆ.

ಥ್ರೆಷೋಲ್ಡ್ ಇಡುವಾಗ ಹೆಚ್ಚಿನವರು ಗಿಟಾರಿನಿಂದ ಕೈ ತೆಗೆದು ಸದ್ದು ನಿಲ್ಲುವವರೆಗೂ ತಿರುಗಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ತಂತಿ ಮುಟ್ಟಿದಾಗ ಸದ್ದು ಸಹಜವಾಗಿ ಇಳಿಯುತ್ತದೆ, ಮತ್ತೆ ಹಾಡಿನ ನಡುವೆ ನಾವು ನಿಲ್ಲಿಸುವುದೂ ಅಂಗೈಯಿಂದ ತಂತಿ ಒತ್ತಿ ಹಿಡಿದೇ ಅಲ್ವಾ? ಹಾಗೇ ಒತ್ತಿಕೊಂಡು, ಗಿಟಾರ್ ವಾಲ್ಯೂಮ್ ಪೂರ್ತಿ ಇಟ್ಟು, ಥ್ರೆಷೋಲ್ಡ್ ನಾಬ್ ತಿರುಗಿಸುತ್ತಾ ಸದ್ದು ಆಗಷ್ಟೇ ನಿಲ್ಲುವ ಜಾಗದಲ್ಲಿ ಬಿಡುತ್ತೇನೆ. ಥ್ರೆಷೋಲ್ಡ್ ಎಷ್ಟು ಕೆಳಗಿದ್ದರೆ ಅಷ್ಟು ಉದ್ದಕ್ಕೆ ನೋಟ್ ಉಳಿಯುತ್ತದೆ. (ತಂತಿ ಮುಟ್ಟಿದಾಗ ಹಮ್ ಜಾಸ್ತಿಯಾದರೆ ಗೇಟ್ ಬಿಟ್ಟು ಮೊದಲು ಗಿಟಾರಿನೊಳಗಿನ ವೈರಿಂಗ್, ಕೇಬಲ್, ಅರ್ಥಿಂಗ್ ತೋರಿಸಿ.)

ಅಟ್ಯಾಕ್, ಅಂದರೆ ಗೇಟ್ ತೆರೆದುಕೊಳ್ಳುವ ಸಮಯ, ಒಂದೆರಡು ಮಿಲಿಸೆಕೆಂಡ್ ಸಾಕು. ತುಂಬ ನಿಧಾನವಾದರೆ ಪ್ಲೆಕ್ಟ್ರಮ್ ತಾಗುವ ಟಕ್ ಸದ್ದೇ ಮಾಯ. ಗೇಟ್ ಮುಚ್ಚಿಕೊಳ್ಳುವ ಸಮಯ, ಅಂದರೆ ರಿಲೀಸ್ ಮಾತ್ರ ಹಾಡು ನೋಡಿ ಬದಲಾಯಿಸುತ್ತೇನೆ. ಗಟ್ಟಿ ರಿದಮ್ಮಿಗೆ ನೂರು ಮಿಲಿಸೆಕೆಂಡಿನ ಒಳಗೆ, ಹೊಡೆತ ಹೊಡೆತಕ್ಕೂ ಮೌನ ಬರುತ್ತದೆ. ಎಳೆದು ನುಡಿಸುವ ಸೋಲೋಗೆ ಅದರ ಮೂರ್ನಾಲ್ಕು ಪಟ್ಟು. ನೋಟ್ ಸಾಯುತ್ತಾ ಥ್ರೆಷೋಲ್ಡ್ ಹತ್ತಿರ ಬಂದಾಗ ಕೆಲವೊಮ್ಮೆ ಗೇಟ್ ತೆರೆದು ಮುಚ್ಚಿ ಟರಟರ ಅನ್ನುತ್ತದೆ. ರೆಕಾರ್ಡಿಂಗಿಗೆ ನಾನು ಬಳಸುವ ರೀಪರ್ ಸಾಫ್ಟ್‌ವೇರ್‌ನ ರೀಗೇಟ್ ಎಂಬ ಗೇಟ್‌ನಲ್ಲಿ ಇದಕ್ಕೆ ಹಿಸ್ಟರಿಸಿಸ್ ಇದೆ. ತೆರೆಯುವ ಮಟ್ಟಕ್ಕಿಂತ ಮುಚ್ಚುವ ಮಟ್ಟವನ್ನು ಐದಾರು ಡೆಸಿಬೆಲ್ ಕೆಳಗಿಟ್ಟರೆ ಆ ರಗಳೆ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ನಾನು ಗೇಟನ್ನು ಆ್ಯಂಪ್ ಪ್ಲಗಿನ್ನಿಗೆ (ಆ್ಯಂಪಿನ ಕೆಲಸ ಮಾಡುವ ಸಾಫ್ಟ್‌ವೇರ್) ಮುಂಚೆಯೇ ಹಾಕುತ್ತೇನೆ, ಅಲ್ಲಿ ಬರುವ ಗಲಾಟೆಯಲ್ಲಿ ಬಹುಪಾಲು ಇನ್‌ಪುಟ್ಟಿನಿಂದಲೇ ಬಂದದ್ದು.

ಮೆಲ್ಲನೆಯ ಹಾಡುಗಳಿಗೆ, ಬೆರಳಲ್ಲಿ ಮೀಟುವ ಕ್ಲೀನ್ ಭಾಗಗಳಿಗೆ ಗೇಟ್ ಆಫ್ ಮಾಡಿಬಿಡುತ್ತೇನೆ. ಗೇನ್ ಕಡಿಮೆ ಇದ್ದಾಗ ಉಳಿಯುವ ಹಮ್ ತಬಲಾ, ಕೀಬೋರ್ಡ್ ಮಧ್ಯೆ ಯಾರಿಗೂ ಕೇಳುವುದಿಲ್ಲ, ಅರ್ಧಕ್ಕೇ ತುಂಡಾದ ನೋಟ್ ಮಾತ್ರ ಕಡೇ ಸಾಲಿನಲ್ಲಿ ಕೂತವರಿಗೂ ಕೇಳುತ್ತದೆ.