ಮಳೆಗೆ ಮೊದಲು ಎಷ್ಟು ರೇನ್‌ಕೋಟ್ ಹೊಲಿದಿಡಬೇಕು?

ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಆದರೆ 2025ರಲ್ಲಿ ಅದು ಮೇ 26ಕ್ಕೇ ಬಂದುಬಿಟ್ಟಿತು. 2023ರಲ್ಲಿ ಜೂನ್ 25ರವರೆಗೆ ಕಾಯಿಸಿತ್ತು. ನಡುವೆ ಒಂದು ತಿಂಗಳ ಅಂತರ. ರೇನ್‌ಕೋಟ್ ಮಾಡುವವರ ನಿದ್ದೆ ಕೆಡಿಸುವುದು ಈ ಒಂದು ತಿಂಗಳೇ.

ಮುಂಬೈನ ಧಾರಾವಿಯ ಸಣ್ಣ ಗಾಳಾ (ಹೊಲಿಗೆ ಕೆಲಸದ ಕೋಣೆ) ಒಂದರಲ್ಲಿ ಕೆಲವು ವರ್ಷ ಲೆಕ್ಕ ಬರೆದವನು ನಾನು. ಊರಿಂದ ಬಂದು ಇಲ್ಲಿ ಸ್ವಂತ ಹೊಲಿಗೆ ಘಟಕ ಹಾಕಬೇಕೆನ್ನುವ ನಮ್ಮ ಹುಡುಗರು, 'ಎಷ್ಟು ಮಾಲು ಮಾಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ?' ಎಂದು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಹಳೇ ಬಿಲ್ ಬುಕ್ ತೆಗೆಯಿರಿ

ಮೂರು ವರ್ಷದ ಮಾರಾಟವನ್ನು ವಾರದ ಲೆಕ್ಕದಲ್ಲಿ ಬರೆದುಕೊಳ್ಳಿ. ಮಾಲು ಖಾಲಿಯಾಗಿ ಪಾರ್ಟಿಯನ್ನು, ಅಂದರೆ ಕೊಳ್ಳಲು ಬಂದ ವ್ಯಾಪಾರಿಯನ್ನು, ವಾಪಸ್ ಕಳಿಸಿದ ದಿನಗಳನ್ನೂ ಗುರುತು ಹಾಕಿ. ಬಿಲ್ಲಿನಲ್ಲಿ ಇರುವುದು ಮಾರಿದ್ದು ಮಾತ್ರ, ಕೇಳಿ ಹೋದವರ ಲೆಕ್ಕ ಅಲ್ಲಿರುವುದಿಲ್ಲ. ಮಕ್ಕಳ ಸೈಜಿಗೆ ಬೇರೆ ಹಾಳೆ ಮಾಡಿ. ಅದು ಮಳೆಗಿಂತ ಜಾಸ್ತಿ ಶಾಲೆಯನ್ನು ನೋಡಿಕೊಂಡು ಓಡುವ ಮಾಲು. ಇಲ್ಲಿ ಶಾಲೆ ತೆರೆಯುವುದು ಜೂನ್ ಮಧ್ಯಕ್ಕೆ.

2. ನಿಧಾನದ ಮಷಿನ್ ಯಾವುದು ನೋಡಿ

ಹೊಲಿಗೆ ಮಷಿನ್ ಹತ್ತಿದ್ದರೂ, ಹೊಲಿದ ಗೆರೆಯ ಮೇಲೆ ನೀರು ಇಳಿಯದಂತೆ ಬಿಸಿ ಟೇಪ್ ಒತ್ತುವ ಮಷಿನ್ ಒಂದೇ ಇರುತ್ತದೆ. ದಿನಕ್ಕೆ ಅದು ಎಷ್ಟು ಕೋಟು ಮುಗಿಸುತ್ತದೋ ನಿಮ್ಮ ಗಾಳಾದ ತಾಕತ್ತು ಅಷ್ಟೇ.

ಸೀಸನ್‌ಗೆ 40,000 ಕೋಟು ಬೇಕು, ತಿಂಗಳಿಗೆ 6,000 ಆಗುತ್ತದೆ ಅಂದುಕೊಳ್ಳಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಏಳು ತಿಂಗಳಿಗೆ 42,000. ಕಾಗದದ ಮೇಲೆ ಸರಿಯಾಯ್ತು, ಅಲ್ವಾ? ಆದರೆ ದೀಪಾವಳಿಗೆ ಒಂದು ವಾರ ಬಾಗಿಲು ಹಾಕಬೇಕು. ಏಪ್ರಿಲ್ ಬಂತೆಂದರೆ ಮದುವೆ, ಗೋಧಿ ಕೊಯ್ಲು ಅಂತ ಕಾರಿಗರರು (ಹೊಲಿಯುವ ಕೆಲಸಗಾರರು) ಉತ್ತರ ಪ್ರದೇಶ, ಬಿಹಾರದ ರೈಲು ಹತ್ತುತ್ತಾರೆ. ಒಂದು ವರ್ಷ ನಮ್ಮಲ್ಲಿ ಹತ್ತು ಮಷಿನ್‌ಗೆ ನಾಲ್ಕೇ ಜನ ಉಳಿದಿದ್ದರು. ಕತ್ತರಿಸಿಟ್ಟ ಕೋಟಿನ ತೋಳುಗಳೆಲ್ಲ ಗೋಣಿಚೀಲದಲ್ಲೇ ಮಳೆಗಾಲ ಕಳೆದವು. ಹಾಗಾಗಿ ಸೆಪ್ಟೆಂಬರ್‌ಗೇ ಶುರು ಮಾಡಿ. ಬಡ್ಡಿ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ. ಏಪ್ರಿಲ್‌ನಲ್ಲಿ ಓವರ್‌ಟೈಮ್ ಕೊಡ್ತೀನಿ ಅಂದರೂ ಹೊಲಿಯುವ ಕೈ ಸಿಗುವುದಿಲ್ಲ.

3. ಕಪ್ಪು ಮೊದಲು, ಬೊಂಬೆ ಕೊನೆಗೆ

ಕಪ್ಪು, ನೇವಿ ಬ್ಲೂ, ದೊಡ್ಡವರ ಸೈಜು: ಇವು ಈ ವರ್ಷ ಹೋಗದಿದ್ದರೆ ಮುಂದಿನ ವರ್ಷ ಹೋಗುತ್ತವೆ. ಜನವರಿವರೆಗೆ ಇವನ್ನೇ ಹೊಲಿಯಿರಿ. ಗುಲಾಬಿ ಬಣ್ಣ, ಬೊಂಬೆ ಪ್ರಿಂಟ್ ಎಲ್ಲ ಹೋಲ್‌ಸೇಲ್ ಪಾರ್ಟಿ ಸ್ಯಾಂಪಲ್ ನೋಡಿ ಅಡ್ವಾನ್ಸ್ ಕೊಟ್ಟ ಮೇಲೆ. 'ಮಾಲು ಚೆನ್ನಾಗಿದೆ' ಅನ್ನುವುದು ಆರ್ಡರ್ ಅಲ್ಲ.

4. ಎಲ್ಲಿ ನಿಲ್ಲಿಸಬೇಕು?

ಒಂದು ಕಪ್ಪು ಕೋಟು ಸಿಗದೆ ಗಿರಾಕಿ ಹೋದರೆ 150 ರೂಪಾಯಿ ಲಾಭ ತಪ್ಪಿತು. ಒಂದು ಉಳಿದರೆ 50 ರೂಪಾಯಿ ನಷ್ಟ. ಎರಡನ್ನೂ ಕೂಡಿಸಿದರೆ 200. ಅದರಲ್ಲಿ 150 ಅಂದರೆ ಮುಕ್ಕಾಲು ಪಾಲು. ಹಾಗಾದರೆ ನಾಲ್ಕು ವರ್ಷದಲ್ಲಿ ಮೂರು ವರ್ಷ ಸಾಲುವಷ್ಟು ಮಾಲು ಮಾಡಿ. ನಾಲ್ಕನೇ ವರ್ಷ ಕಮ್ಮಿ ಬಿದ್ದರೆ ಬೀಳಲಿ. ಬೊಂಬೆ ಪ್ರಿಂಟಿನಲ್ಲಿ ಲಾಭ 100, ಉಳಿದರೆ ನಷ್ಟವೂ 100 ಇದ್ದರೆ ಪಾಲು ಅರ್ಧಕ್ಕಿಳಿಯುತ್ತದೆ. ಅದನ್ನು ಕೈ ಬಿಗಿ ಹಿಡಿದೇ ಮಾಡಬೇಕು. ನಿಮ್ಮ ಅಂಕಿ ಬೇರೆ ಇರುತ್ತದೆ, ಲೆಕ್ಕ ಹಾಕುವ ರೀತಿ ಇದೇ.

5. ಮೇ 10ಕ್ಕೆ ಮಾಲು ಅಂಗಡಿಯಲ್ಲಿರಲಿ

ಜೂನ್ 1ಕ್ಕೆ ಅಂತ ಗುರಿ ಇಟ್ಟುಕೊಂಡವರ ಮಾಲು 2025ರಲ್ಲಿ ಟೆಂಪೋ ಹತ್ತುವ ಮೊದಲೇ ಊರೆಲ್ಲ ನೆಂದಿತ್ತು. ಮಳೆ ತಡವಾದರೆ ಪೇಮೆಂಟ್ ತಡವಾಗುತ್ತದೆ, ಅಷ್ಟೇ. ಮಾಲು ತಡವಾದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಜುಲೈ ಬಂದ ಮೇಲೆ ಹೊಸ ಕೋಟು ಕತ್ತರಿಸಬೇಡಿ. ಉಳಿದ ಪಿವಿಸಿ (ಪ್ಲಾಸ್ಟಿಕ್) ಮಾಲಿಗೆ ಪೌಡರ್ ಉದುರಿಸಿ ಮಡಚಿಡಿ. ಸುಮ್ನೆ ಒಂದರ ಮೇಲೊಂದು ಒಟ್ಟಿದರೆ ಮುಂದಿನ ಬೇಸಿಗೆಯ ಸೆಕೆಗೆ ಅಂಟಿಕೊಂಡು, ಬಿಡಿಸುವಾಗ ಬಣ್ಣವೇ ಕಿತ್ತು ಬರುತ್ತದೆ. ಸೆಪ್ಟೆಂಬರ್‌ವರೆಗೆ ಅದೇ ಮಷಿನ್‌ಗಳಲ್ಲಿ ಬೈಕ್ ಕವರ್ ಹೊಲಿಯಬಹುದು. ಲಾಭ ಕಮ್ಮಿ, ಆದರೆ ಕಾರಿಗರರ ಪಗಾರ ಹುಟ್ಟುತ್ತದೆ.