ಬೆಂಗಳೂರಿನ ಗಡಿಯಾರದಲ್ಲಿ ಟೆನೆರಿಫೆಯ ಸಂಸಾರ: ನನ್ನ ಅನುಭವ

ಸ್ಪೇನ್‌ನ ಟೆನೆರಿಫೆ ದ್ವೀಪದಲ್ಲಿದ್ದು, ಬೆಂಗಳೂರಿನ ಗ್ರಾಹಕರಿಗಾಗಿ ನಸುಕಿನ ನಾಲ್ಕೂವರೆಗೆ ಕೆಲಸಕ್ಕೆ ಕುಳಿತು ಮಧ್ಯಾಹ್ನ ಹನ್ನೆರಡೂವರೆಗೆ ಲ್ಯಾಪ್‌ಟಾಪ್ ಮುಚ್ಚುವ ನನ್ನ ಪದ್ಧತಿ ಮೂರು ತಿಂಗಳೂ ನಡೆಯುವುದಿಲ್ಲವೆಂದು ಹೇಳದವರೇ ಇರಲಿಲ್ಲ. ಮೈಸೂರಿನ ನಾದಿನಿಯಿಂದ ಹಿಡಿದು, ದ್ವೀಪದ ರಾಜಧಾನಿ ಸಾಂತಾ ಕ್ರೂಸ್‌ನಲ್ಲಿ ನಾವು ಬೇಳೆ ಕೊಳ್ಳುವ ಸಿಂಧಿ ಅಂಗಡಿಯ ಹಿರಿಯರವರೆಗೆ ಎಲ್ಲರದೂ ಅದೇ ಮಾತು. ಆ ಹಿರಿಯರಂತೂ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುತ್ತೇವೆಂದು ಕೇಳಿ, "ವರ್ಷ ತುಂಬುವುದರೊಳಗೆ ಊರಿಗೆ ಹೊರಡುತ್ತೀಯ, ಬೇಟಿ" ಎಂದಿದ್ದರು. ನಾವು ಬಂದು ಎರಡೂವರೆ ವರ್ಷವಾಗಿದೆ, ಹೊರಟಿಲ್ಲ. ಎನ್‌ಐಇ (ವಿದೇಶಿಯರ ಗುರುತಿನ ಸಂಖ್ಯೆ), ಪದ್ರೋನ್ (ಊರಾಡಳಿತದಲ್ಲಿ ವಾಸದ ದಾಖಲೆ), ಆಟೊನೊಮೊ (ಸ್ವಯಂ ಉದ್ಯೋಗಿ) ನೋಂದಣಿಯ ಸಂಗತಿ ಇಲ್ಲಿಗೆ ಬಂದವರಿಗೆಲ್ಲ ಗೊತ್ತಿರುವುದರಿಂದ ಅದನ್ನು ಬಿಡುತ್ತೇನೆ. ಒಂದನ್ನು ಮಾತ್ರ ಹೇಳದೆ ಇರಲಾರೆ. ಇಲ್ಲಿಯವರಿಗೆ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಎಂದು ಎರಡು ಸರ್‌ನೇಮ್ ಇರುತ್ತವೆ. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಪರಿಣಾಮವಾಗಿ ಮೂರು ಕಾಗದಗಳಲ್ಲಿ ನಾನು ಮೂರು ಬೇರೆ ಹೆಂಗಸರು.

ಮೊದಲ ತಪ್ಪು ದಕ್ಷಿಣದ ಲೋಸ್ ಕ್ರಿಸ್ತಿಯಾನೋಸ್‌ನಲ್ಲಿ ಮನೆ ಮಾಡಿದ್ದು. 2023ರ ಸೆಪ್ಟೆಂಬರಿನಲ್ಲಿ ಬಂದಿಳಿದಾಗ ಬಿಸಿಲು ಮತ್ತು ಕಡಲಿಗೆ ಮರುಳಾಗಿ ತಿಂಗಳಿಗೆ 1,500 ಯೂರೋ ಬಾಡಿಗೆಗೆ ಒಪ್ಪಿಕೊಂಡೆವು. ಇಬ್ಬರು ಮಕ್ಕಳನ್ನೂ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಸೇರಿಸಿದೆವು. ಶುಲ್ಕ, ಊಟ, ವ್ಯಾನು ಸೇರಿ ಹತ್ತಿರ ಹತ್ತಿರ 1,400 ಆಗುತ್ತಿತ್ತು. ಅದೇ ಸಮಯದಲ್ಲಿ ನಾನು ದ್ವೀಪದ ಗಡಿಯಾರಕ್ಕೆ ತಕ್ಕಂತೆ ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಆರಂಭಿಸುತ್ತಿದ್ದೆ. ಚಳಿಗಾಲದಲ್ಲಿ ಆಗ ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆ, ಅಲ್ಲಿಯವರು ತೀರ್ಮಾನಗಳನ್ನೆಲ್ಲ ಮುಗಿಸಿ ಊಟ ಮಾಡಿ ಬಂದಿರುತ್ತಿದ್ದರು. ಜನವರಿಯ ಹೊತ್ತಿಗೆ ಒಬ್ಬ ಗ್ರಾಹಕರು ಕೈಬಿಟ್ಟರು, ಆದಾಯದ ಮೂರನೆಯ ಒಂದು ಭಾಗ ಹೋಯಿತು. ಆ ಹತ್ತು ತಿಂಗಳಲ್ಲಿ ಊರಿನಲ್ಲಿ ಉಳಿಸಿಟ್ಟಿದ್ದ ಸುಮಾರು ಆರು ಲಕ್ಷ ರೂಪಾಯಿ ಕರಗಿತು. ಮಕ್ಕಳು ಕಲಿತ ಸ್ಪ್ಯಾನಿಷ್ ಎಂದರೆ 'ಓಲಾ' ಮಾತ್ರ. ಅವರ ಗೆಳೆಯರೂ ನಿಲ್ಲುತ್ತಿರಲಿಲ್ಲ. ಆರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯವರು ಗಂಟುಮೂಟೆ ಕಟ್ಟುತ್ತಿದ್ದರು.

ಎರಡನೆಯ ತಪ್ಪು ಲಾ ಲಗೂನಾ. ಬಾಡಿಗೆ 950, ಟ್ರಾಮಿನಲ್ಲಿ ಕುಳಿತರೆ ಸಾಂತಾ ಕ್ರೂಸ್, 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಚೆಲುವಾದ ಹಳೆಯ ಬೀದಿಗಳು. ಆದರೆ ಊರು ಸುಮಾರು 550 ಮೀಟರ್ ಎತ್ತರದಲ್ಲಿದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ತರುವ ಮೋಡ ಅಲ್ಲಿಯೇ ಬಂದು ಕೂರುತ್ತದೆ. ದ್ವೀಪಕ್ಕೆ ಬರುವ ಹೊಸಬರು ಉಷ್ಣಾಂಶವನ್ನು ವಿಚಾರಿಸುತ್ತಾರೆಯೇ ಹೊರತು ಎತ್ತರವನ್ನು ವಿಚಾರಿಸುವುದಿಲ್ಲ, ನಾವೂ ವಿಚಾರಿಸಲಿಲ್ಲ. ಮನೆಯಲ್ಲಿ ಹೀಟರ್ ಇರಲಿಲ್ಲ. ಡಿಸೆಂಬರಿಗೆ ನನ್ನ ಎರಡು ಮೈಸೂರು ಸಿಲ್ಕ್ ಸೀರೆಗಳ ಮೇಲೆ ಬೂಸ್ಟು ಬಂತು, ಮಗನಿಗೆ ಬಿಡದ ಕೆಮ್ಮು ಹಿಡಿಯಿತು, ದೋಸೆ ಹಿಟ್ಟು ಎರಡು ದಿನವಾದರೂ ಉಬ್ಬಲಿಲ್ಲ. ತೇವ ಹೀರುವ ಯಂತ್ರಕ್ಕೆ 190 ಯೂರೋ ಕೊಟ್ಟೆವು; ರಾತ್ರಿಗೆ ಎರಡು ಮೂರು ಲೀಟರ್ ನೀರು ತುಂಬುತ್ತಿತ್ತು, ಅದರ ಸದ್ದಿಗೆ ನಿದ್ರೆ ಕೆಡುತ್ತಿತ್ತು. ಮನೆ ಬಿಡುವಾಗ ಬೂಸ್ಟು ಹಿಡಿದ ಗೋಡೆಗೆ ಸುಣ್ಣ ಬಣ್ಣವೆಂದು ಮುಂಗಡದ ಹಣವೂ ಹೋಯಿತು.

ಆದರೂ ನನ್ನ ಪದ್ಧತಿ ಕುದುರಿದ್ದು ಆ ತಣ್ಣನೆಯ ಮನೆಯಲ್ಲಿಯೇ. 2024ರ ಅಕ್ಟೋಬರಿನಲ್ಲಿ ಗಡಿಯಾರ ಹಿಂದಕ್ಕೆ ಹೋದ ಭಾನುವಾರದ ಮರುದಿನದಿಂದ ನಾನು ಪೂರ್ತಿ ಬೆಂಗಳೂರಿನ ಸಮಯಕ್ಕೆ ಬಂದೆ. ಅಲ್ಲಿ ಬೆಳಿಗ್ಗೆ ಹತ್ತು ಎಂದರೆ ಚಳಿಗಾಲದಲ್ಲಿ ಇಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಐದೂವರೆ. ಮಕ್ಕಳು ಶಾಲೆಯಲ್ಲಿ ಊಟ ಮುಗಿಸಿ ಬರುವ ಹೊತ್ತಿಗೆ ನನ್ನ ದಿನ ಮುಗಿದಿರುತ್ತದೆ; ಸಂಜೆಯೆಲ್ಲ ಅವರದು. ಬೆಳಗಿನ ಅಡುಗೆಮನೆ ಮತ್ತು ಶಾಲೆಯ ದಾರಿ ನಮ್ಮವರ ಪಾಲು. ಇದಕ್ಕೆ ತೆರಬೇಕಾದ ಬೆಲೆ ರಾತ್ರಿ ಎಂಟೂವರೆಗೆ ಮಲಗುವುದು. ಒಂಬತ್ತೂವರೆಗೆ ಊಟಕ್ಕೆ ಕೂರುವ ನೆರೆಹೊರೆಯವರು ಮೊದಮೊದಲು ನನಗೆ ಯಾವುದೋ ಕಾಯಿಲೆಯೆಂದೇ ತಿಳಿದಿದ್ದರು. ಆರು ವಾರ ನಾನು ಮಂಕು ಕವಿದವಳಂತೆ ಓಡಾಡಿದೆ, ಏಳನೆಯ ವಾರದಿಂದ ಅಲಾರಂ ಬೇಕಾಗಲಿಲ್ಲ. ಮಾರ್ಚಿಗೆ ಇಬ್ಬರು ಹೊಸ ಗ್ರಾಹಕರು ಸಿಕ್ಕರು.

ಶಾಲೆಯ ವಿಷಯದಲ್ಲಿ ಮಾತ್ರ ನನ್ನ ಧೈರ್ಯ ಹಲವು ಸಲ ಉಡುಗಿತ್ತು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಶಾಲೆಗೆ ಸೇರಿದಾಗ ಮಗಳಿಗೆ ಒಂಬತ್ತು, ಮಗನಿಗೆ ಐದು. ಮಗ ದೀಪಾವಳಿಯ ಹೊತ್ತಿಗೆ ಜಗಳವಾಡುವಷ್ಟು ಸ್ಪ್ಯಾನಿಷ್ ಕಲಿತಿದ್ದ. ಮಗಳು ಐದು ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಶಾಲೆಯವರು ವಾರಕ್ಕೆ ಕೆಲವು ಗಂಟೆ ಬೇರೆಯಾಗಿ ಕೂರಿಸಿ ಭಾಷೆ ಕಲಿಸುತ್ತಿದ್ದರು. ನಾನು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬಾರದೆಂಬ ನಿಯಮವನ್ನು ಸಡಿಲಿಸಲಿಲ್ಲ. ಆ ದಿನಗಳಲ್ಲಿ ನಾದಿನಿಯ ಫೋನ್ ತೆಗೆಯುವುದಕ್ಕೇ ನನಗೆ ಅಂಜಿಕೆಯಿತ್ತು. ಫೆಬ್ರವರಿಯ ಒಂದು ಸಂಜೆ ನಾನು ಯಾರೊಂದಿಗೋ ಬಸ್ಸಿನ ಬಗ್ಗೆ ಸ್ಪ್ಯಾನಿಷ್‌ನಲ್ಲಿ ತಡವರಿಸುತ್ತಿದ್ದಾಗ, "ಅಮ್ಮಾ, ಇಲ್ಲಿ ಅದನ್ನು ಗ್ವಾಗ್ವಾ ಅನ್ನಬೇಕು" ಎಂದು ಅವಳೇ ಮುಂದೆ ಬಂದು ಮಾತು ಮುಗಿಸಿದಳು. ಮ್ಯಾಡ್ರಿಡ್‌ನವರ ಸ್ಪ್ಯಾನಿಷ್ ಕಲಿಸುವ ಆ್ಯಪ್‌ಗೆ ನಾನು ಕೊಟ್ಟಿದ್ದ ನೂರು ಯೂರೋ ಅಂದೇ ದಂಡವೆನಿಸಿತು. ಗೆಳೆಯರ ಗುಂಪಿಗೆ 'ನೀವು' ಎನ್ನಲು ಅದು ಕಲಿಸಿದ 'ವೊಸೋತ್ರೋಸ್' ಇಲ್ಲಿ ಬಳಕೆಯಲ್ಲಿಲ್ಲ. ಗೆಳೆಯರ ಗುಂಪಿಗೂ ಇವರು ಮರ್ಯಾದೆಯ 'ಉಸ್ತೇದೆಸ್' ಎನ್ನುತ್ತಾರೆ.

ನಮ್ಮವರ ಪ್ರಯೋಗಗಳನ್ನು ಬರೆಯದಿದ್ದರೆ ಅವರಿಗೆ ಬೇಸರವಾಗುತ್ತದೆ. ಇಲ್ಲಿಯ ಗೋಫಿಯೋ ಎಂಬುದು ಹುರಿದ ಧಾನ್ಯದ ಹಿಟ್ಟು, ಅಂದರೆ ನಮ್ಮ ಹುರಿಹಿಟ್ಟೇ. ಕಿಲೋಗೆ ಎರಡು ಯೂರೋಗಿಂತ ಸ್ವಲ್ಪ ಹೆಚ್ಚು. ಹಾಲು, ಬೆಲ್ಲ, ಬಾಳೆಹಣ್ಣಿನೊಂದಿಗೆ ಕಲಸಿದರೆ ಮಕ್ಕಳ ತಿಂಡಿ ಮುಗಿಯಿತು. ಅದರಲ್ಲಿ ಮುದ್ದೆ ತೊಳಸಲು ಅವರು ನಾಲ್ಕು ಸಲ ಹೊರಟರು. ಹುರಿದ ಮೆಕ್ಕೆಜೋಳದ ಹಿಟ್ಟಿಗೆ ರಾಗಿಯ ಬಿಗಿ ಬರಲೇ ಇಲ್ಲ, ಪ್ರತಿ ಸಲವೂ ಗೋಂದಿನಂತಹ ಅಂಬಲಿಯಾಯಿತು. ಕರಿಬೇವಿನ ಗಿಡ ಮಾತ್ರ ಮೂರನೆಯದು ಬದುಕಿದೆ. ಅದು ಎಲ್ಲಿ ಸಿಕ್ಕಿತೆಂದು ಹೇಳುವುದಿಲ್ಲ, ಕೇಳಬೇಡಿ.

2025ರ ಮಾರ್ಚ್ ಕೊನೆಯಿಂದ ಪೂರ್ವ ಕರಾವಳಿಯ ಕಾಂದೆಲಾರಿಯಾದಲ್ಲಿದ್ದೇವೆ. ಬಾಡಿಗೆ 1,100. ಸ್ಪೇನ್‌ನ ಸಂಬಳ ಚೀಟಿಯಿಲ್ಲದೆ ಮಾಲೀಕರನ್ನು ಹೇಗೆ ಒಪ್ಪಿಸಿದೆನೆಂಬುದು ನನ್ನ ಗುಟ್ಟು. ವರ್ಷದ ಬಾಡಿಗೆ ಮುಂಗಡ ಕೊಡಲಿಲ್ಲ ಎಂದಷ್ಟೇ ಹೇಳಬಲ್ಲೆ. ಶಾಲೆಯ ಊಟಕ್ಕೆ ಇಬ್ಬರಿಗೂ ಸೇರಿ ತಿಂಗಳಿಗೆ 170ರಷ್ಟು, ಆಟೊನೊಮೊಗಳು ಕಟ್ಟುವ ಸಾಮಾಜಿಕ ಭದ್ರತೆಯ ಕಂತು ಮೊದಲ ವರ್ಷದ 80ರಿಂದ ಈಗ ಮುನ್ನೂರರ ಆಸುಪಾಸಿಗೆ ಏರಿದೆ. ಎಲ್ಲ ಸೇರಿ 2,400ರಲ್ಲಿ ಸಂಸಾರ ಸಾಗುತ್ತದೆ, ಊರಿನ ಖಾತೆಗೆ ಮತ್ತೆ ಹಣ ಹೋಗುತ್ತಿದೆ. ರಾತ್ರಿ ಮಲಗುವ ಮುನ್ನ ಕಲಸಿಟ್ಟ ದೋಸೆ ಹಿಟ್ಟು ನಮ್ಮವರು ಏಳೂವರೆಗೆ ಕಾವಲಿ ಇಡುವಷ್ಟರಲ್ಲಿ ಹದವಾಗಿ ಉಬ್ಬಿರುತ್ತದೆ. ಸಹಾರಾದ ದೂಳು ಹೊತ್ತ ಕಲಿಮಾ ಗಾಳಿ ಬೀಸಿದ ದಿನ ಮಾತ್ರ, ನಾನು ನಾಲ್ಕಕ್ಕೆ ಎದ್ದು ಬರುವಾಗಲೇ ಅದು ಪಾತ್ರೆ ಮೀರಿ ಕಟ್ಟೆಯ ಮೇಲೆ ಹರಿದಿರುತ್ತದೆ. ಅಂತಹ ದಿನಗಳಿಗೆ ಈಗ ದೊಡ್ಡ ಪಾತ್ರೆ ಇಟ್ಟಿದ್ದೇವೆ.