ಹೆಸರಿಗಿಂತ ಮೊದಲು ಗ್ರಾಂ: ಕೈಬಡಿತದ ರೈಡ್ ಸಿಂಬಲ್ ಆರಿಸುವ ಬಗೆ

ಡ್ರಮ್ ಸೆಟ್ಟಿನಲ್ಲಿ ಕಡ್ಡಿಯಿಂದ ಲಯ ಹಿಡಿದು ನುಡಿಸುವ ದೊಡ್ಡ ಕಂಚಿನ ತಟ್ಟೆಯೇ ರೈಡ್ ಸಿಂಬಲ್. ಅದನ್ನು ಕೊಳ್ಳಲು ಹೋದವರು ಮೊದಲು ಕಂಪನಿ ಹೆಸರು ಕೇಳುತ್ತಾರೆ, ಆಮೇಲೆ ಎಷ್ಟು ಇಂಚು, ಕೊನೆಗೆ ರೇಟು. ಗ್ರಾಂ ಕೇಳುವವರು ಕಡಿಮೆ. ಕೈಬಡಿತದ, ಅಂದರೆ ಕೈಸುತ್ತಿಗೆಯಿಂದ ತಟ್ಟಿ ಮಾಡಿದ ಸಿಂಬಲ್ ಆದರೆ ನಾನು ಕೇಳುವ ಮೊದಲ ಪ್ರಶ್ನೆಯೇ ಅದು. ಒಂದೇ ಹೆಸರಿನ, 22 ಇಂಚಿನ ಎರಡು ತುಂಡುಗಳ ನಡುವೆ 200 ಗ್ರಾಂ ಹೆಚ್ಚು ಕಡಿಮೆ ಇರುವುದು ಮಾಮೂಲು, ಅಷ್ಟಕ್ಕೇ ಸ್ವಭಾವ ಬದಲಾಗುತ್ತದೆ.

ಅನೇಕ ತಯಾರಕರು ಸಿಂಬಲ್‌ನ ಕೆಳಮೈ ಮೇಲೆ ಶಾಯಿಯಲ್ಲಿ ತೂಕ ಬರೆದಿರುತ್ತಾರೆ. ಇಲ್ಲದಿದ್ದರೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ತಕ್ಕಡಿ ಮೇಲೆ ಒಂದು ಸಣ್ಣ ಡಬ್ಬಿ ಇಟ್ಟು, ಟೇರ್ ಒತ್ತಿ ಸೊನ್ನೆಗೆ ತಂದು, ಸಿಂಬಲ್ ಅನ್ನು ಬೆಲ್ (ನಡುವಿನ ಬಟ್ಟಲಿನಂಥ ಗುಬ್ಬಿ) ಕೆಳಗಾಗಿ ಡಬ್ಬಿಯ ಮೇಲೆ ಕೂರಿಸಬೇಕು. ನೇರವಾಗಿ ತಕ್ಕಡಿಗೇ ಇಟ್ಟರೆ ಅಂಚು ಎಲ್ಲೋ ಗಲ್ಲೆಗೋ ಕಟ್ಟೆಗೋ ಆತುಕೊಂಡು ಸುಳ್ಳು ತೂಕ ತೋರಿಸುತ್ತದೆ.

ತೂಕವನ್ನು ಇಂಚಿನ ಜೊತೆ ಸೇರಿಸಿ ಓದಬೇಕು. ದಪ್ಪ ಒಂದೇ ಇದ್ದರೆ ತೂಕ ವ್ಯಾಸದ ವರ್ಗದಂತೆ ಏರುತ್ತದೆ. 20 ಇಂಚಿನದು 2000 ಗ್ರಾಂ ಇದ್ದರೆ, ಅದೇ ದಪ್ಪದ 21 ಇಂಚು ಸುಮಾರು 2205, 22 ಇಂಚು 2420, 24 ಇಂಚು 2880 ಗ್ರಾಂ ತೂಗಬೇಕು. ಅಂದರೆ 2400 ಗ್ರಾಂ ಎನ್ನುವುದು 20 ಇಂಚಿಗೆ ಭಾರ, 22 ಇಂಚಿಗೆ ಹದ, 24 ಇಂಚಿಗೆ ತೆಳು. 22 ಇಂಚಿನಲ್ಲಿ ನನ್ನ ಲೆಕ್ಕ ಹೀಗೆ: 2300ರ ಒಳಗೆ ತೆಳು, 2400ರಿಂದ 2750 ಮಧ್ಯಮ, 2900 ದಾಟಿದರೆ ಭಾರ. ತೆಳುವಾದದ್ದು ತಗ್ಗು ದನಿಯದು, ಬಡಿದಷ್ಟೂ 'ಶ್ಶ್' ಎಂದು ಹರಡುತ್ತದೆ. ಈ ಹರಡುವಿಕೆಗೆ ಡ್ರಮ್ಮರ್‌ಗಳು ವಾಶ್ ಅನ್ನುತ್ತಾರೆ. ಭಾರವಾದದ್ದು ಏರು ದನಿಯದು, ಕಡ್ಡಿಯ 'ಟಿಂಗ್' ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ.

ಲೋಹದ ಬಗ್ಗೆ ಅಂಗಡಿಯಲ್ಲಿ ದೊಡ್ಡ ಮಾತು ನಡೆಯುತ್ತದೆ, ಆದರೆ ಅದು ನಮ್ಮ ಮನೆಯದೇ ಲೋಹ. ಬಿ20 ಎಂದರೆ 80 ಪಾಲು ತಾಮ್ರ, 20 ಪಾಲು ತವರ. ಅಜ್ಜಿ ಕಾಲದ ಕಂಚಿನ ತಾಟಿನಲ್ಲಿ ತವರ ಸುಮಾರು 22 ಪಾಲು. ಆ ತಾಟು ಕಲ್ಲಿನ ಮೇಲೆ ಬಿದ್ದರೆ ಯಾಕೆ ಸೀಳುತ್ತದೆಯೋ, ಸಿಂಬಲ್ ಕೂಡ ಅದಕ್ಕೇ ಸೀಳುತ್ತದೆ: ತವರ ಹೆಚ್ಚಾದಷ್ಟು ನಾದ ಚೆಂದ, ಮೈ ಪೆಡಸು. ತಣ್ಣಗಿದ್ದಾಗ ಬಡಿದರೆ ಒಡೆಯುವ ಈ ಕಂಚನ್ನು ಕೆಂಪಗೆ ಕಾಸಿ ರೋಲರ್‌ಗೆ ಕೊಡುತ್ತಾರೆ, ಮತ್ತೆ ಕಾಸಿ ನೀರಿಗೆ ಅದ್ದುತ್ತಾರೆ. ಉಕ್ಕು ನೀರಿಗೆ ಬಿದ್ದರೆ ಗಡುಸಾಗುತ್ತದೆ, ಈ ಕಂಚು ಮೆತ್ತಗಾಗಿ ಸುತ್ತಿಗೆಗೆ ಒಗ್ಗುತ್ತದೆ. 1623ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಇಂದಿನ ಇಸ್ತಾಂಬುಲ್) ಶುರುವಾದ ಝಿಲ್ಜಿಯನ್ ಕಂಪನಿಯಿಂದ ಹಿಡಿದು ಇವತ್ತಿನ ಇಸ್ತಾಂಬುಲ್ ಅಗೋಪ್, ಇಸ್ತಾಂಬುಲ್ ಮೆಹ್ಮೆತ್, ಬಾಸ್ಫರಸ್ ಕಂಪನಿಗಳವರೆಗೆ ದಾರಿ ಹೆಚ್ಚುಕಡಿಮೆ ಇದೇ. ಚೀನಾದ ವುಹಾನ್‌ನಲ್ಲೂ ಬಿ20 ಕೈಬಡಿತದವು ಆಗುತ್ತವೆ, ಬೆಲೆ ಕಡಿಮೆ.

ಕೈಬಡಿತದ ಗುರುತು ಸುತ್ತಿಗೆಯ ಕಲೆಗಳಲ್ಲಿದೆ. ಯಂತ್ರದ ಕಲೆಗಳು ಸಾಲುಗಟ್ಟಿ, ಒಂದೇ ಆಳದಲ್ಲಿ ಇರುತ್ತವೆ. ಕೈಯವು ಒಂದು ಆಳ, ಒಂದು ಮೇಲು, ಒಂದರ ಮೇಲೊಂದು ಬಿದ್ದಿರುತ್ತವೆ. ಗಾಜಿನ ಟೇಬಲ್ ಮೇಲೆ ಬೋರಲು ಇಟ್ಟಾಗ ಅಂಚು ಅಲ್ಲಲ್ಲಿ ಒಂದೆರಡು ಮಿಲಿಮೀಟರ್ ಎದ್ದಿದ್ದರೆ ಅದು ದೋಷವಲ್ಲ. ಸ್ಟ್ಯಾಂಡಿನಲ್ಲಿ ತಿರುಗಿಸಿ ಬಿಟ್ಟಾಗ ಭಾರದ ಬದಿ ಕೆಳಗೆ ಬಂದು ನಿಲ್ಲುತ್ತದೆ, ಅದೂ ದೋಷವಲ್ಲ. ನಿಂತ ಆ ಸ್ಥಿತಿಯಲ್ಲಿ ಕಡ್ಡಿ ಬೀಳುವ ಜಾಗದ ದನಿಯನ್ನೇ ನೀವು ದಿನಾ ಕೇಳಬೇಕಾಗಿರುವುದರಿಂದ, ಪರೀಕ್ಷೆಯನ್ನೂ ಅಲ್ಲೇ ಮಾಡಬೇಕು.

ತೂಕದ ಆಮೇಲೆ ಆಕಾರ. ಮೈಯ ಉಬ್ಬು ಜಾಸ್ತಿ ಇದ್ದರೆ ಶ್ರುತಿ ಏರುತ್ತದೆ, ಚಪ್ಪಟೆಯಾದಷ್ಟು ಇಳಿಯುತ್ತದೆ. ಬೆಲ್ ದೊಡ್ಡದಾದರೆ ನಾದ ದೊಡ್ಡದು, ವಾಶೂ ದೊಡ್ಡದು. ಸಣ್ಣ ಬೆಲ್ ಹತೋಟಿಯಲ್ಲಿರುತ್ತದೆ. ಲೇಥ್ (ಲೋಹ ಹೆರೆಯುವ ತಿರುಗಣಿ ಯಂತ್ರ) ಹಿಡಿದು ಗೆರೆ ಕೊರೆದದ್ದು ತೆರೆದ, ಹೊಳಪಿನ ದನಿ ಕೊಡುತ್ತದೆ. ಲೇಥ್ ಹಿಡಿಯದೆ ಕರಿಮೈ ಹಾಗೇ ಬಿಟ್ಟದ್ದು ಒಣ ದನಿಯದು, ಬೇಗ ನಿಲ್ಲುತ್ತದೆ.

ಇನ್ನು ಯಾವ ವಾದನಕ್ಕೆ ಯಾವುದು. ನಮ್ಮ ಕಡೆ ಹೆಚ್ಚಿನ ಡ್ರಮ್ಮರ್‌ಗಳ ಕೆಲಸ ರಸಮಂಜರಿ: ಒಂದೇ ರಾತ್ರಿ ಹಳೆ ಚಿತ್ರಗೀತೆ, ಜಾನಪದ, ಕೊನೆಗೆ ಕುಣಿತದ ಹಾಡು. ಮೂರು ರೈಡ್ ಹೊತ್ತು ತಿರುಗಲು ಆಗುವುದಿಲ್ಲ. ಇದಕ್ಕೆ ನಾನು ಆರಿಸುವುದು 21 ಇಂಚು, 2300ರಿಂದ 2450 ಗ್ರಾಂ, ಪೂರ್ತಿ ಲೇಥ್ ಹಿಡಿದ, ಬೆಲ್ ಸ್ಪಷ್ಟ ಇರುವ ತುಂಡು. ಚರಣದಲ್ಲಿ ಕಡ್ಡಿ ತುದಿಗೆ ಟಿಂಗ್ ಕೊಡುತ್ತದೆ, ಪಲ್ಲವಿಗೆ ಮರಳುವಾಗ ಕಡ್ಡಿಯ ಭುಜದಿಂದ (ತುದಿಯ ಹಿಂದೆ ದಪ್ಪವಾಗುತ್ತ ಹೋಗುವ ಭಾಗ) ಅಂಚಿಗೆ ಹೊಡೆದರೆ ಕ್ರ್ಯಾಶ್, ಅಂದರೆ ಒಮ್ಮೆಲೇ ಸಿಡಿಯುವ ದನಿ ಕೂಡ ಆಗುತ್ತದೆ. 22 ಇಂಚಿನ 3000 ಗ್ರಾಂ ತಂದವರು ಕ್ರ್ಯಾಶ್ ಬರಲಿಲ್ಲವೆಂದು ಇನ್ನೂ ಜೋರಾಗಿ ಬಡಿಯುತ್ತಾರೆ. ಕಡ್ಡಿ ಮುರಿಯುತ್ತದೆ, ಸಿಂಬಲ್ ಮಾತ್ರ ತೆರೆದುಕೊಳ್ಳುವುದಿಲ್ಲ.

ಗಜಲ್, ಭಾವಗೀತೆ, ತಬಲಾ ಹಾರ್ಮೋನಿಯಂ ಜೊತೆಗಿನ ಫ್ಯೂಷನ್ ಬೇರೆ ಮಾತು. ತಬಲಾದ ಕಿನಾರದ 'ನಾ' ಮತ್ತು ರೈಡಿನ ವಾಶ್ ಒಂದರ ಮೇಲೊಂದು ಬಿದ್ದರೆ ಸೋಲುವುದು ತಬಲಾ. ತೆಳು ಸಿಂಬಲ್ ಮೃದು ಎಂದು ಜನ ನಂಬುತ್ತಾರೆ, ಮೆಲ್ಲಗೆ ನುಡಿಸುವವರೆಗೆ ಅದು ನಿಜ. ಲಯ ಏರಿದ ಕೂಡಲೇ ತೆಳು ಲೇಥ್ ರೈಡ್ ಉಕ್ಕುವ ಹಾಲಿನಂತೆ ಮೇಲೆ ಬರುತ್ತದೆ. ಇಲ್ಲಿ ಲೇಥ್ ಹಿಡಿಯದ ಅಥವಾ ಅರ್ಧ ಹಿಡಿದ 20 ಇಂಚು, 1900ರಿಂದ 2100 ಗ್ರಾಂ, ಸಣ್ಣ ಬೆಲ್, 7ಎ ಅಳತೆಯ ತೆಳು ಮರದ ಕಡ್ಡಿ. ಜಾಝ್ ಟ್ರಿಯೋಗೆ ಮಾತ್ರ 22 ಇಂಚಿನ 2150–2350 ಗ್ರಾಂ ಲೇಥ್ ರೈಡ್ ತರಬಹುದು, ಅಲ್ಲಿ ಆ ವಾಶ್ ಬೇಕಾಗಿಯೇ ಇರುತ್ತದೆ.

ಚರ್ಚ್, ಕಲ್ಯಾಣ ಮಂಟಪ, ಗ್ರಾನೈಟ್ ನೆಲದ ಯಾವುದೇ ಸಭಾಂಗಣ: ಗೋಡೆಯೇ ಅರ್ಧ ವಾಶ್ ಕೊಡುತ್ತದೆ. ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣ ದನಿಯದೇ ಬೇಕು. ಇದಕ್ಕೆ ಪೂರ್ತಿ ಉಲ್ಟಾ ಜಾತ್ರೆಯ ಬಯಲು ವೇದಿಕೆ. ದನಿ ಮರಳಿ ಬರುವುದೇ ಇಲ್ಲ, ತೆಳು ರೈಡ್ ಹತ್ತು ಮೀಟರಿಗೆ ಕರಗಿಹೋಗುತ್ತದೆ. 22 ಇಂಚು 2600–2800 ಗ್ರಾಂ ಬೇಕು. ಮೈಕ್ ಕೊಡುವುದಾದರೆ ಸಿಂಬಲ್‌ಗಿಂತ ಸುಮಾರು 30 ಸೆಂಟಿಮೀಟರ್ ಮೇಲೆ, ಬೆಲ್ ಮತ್ತು ಅಂಚಿನ ನಡುಮಧ್ಯಕ್ಕೆ ಮುಖ ಮಾಡಿ. ಬೆಲ್ ಕೆಳಗೆ ಮೈಕ್ ತುರುಕಿದರೆ ದೇವಸ್ಥಾನದ ಗಂಟೆಯೇ ಸ್ಪೀಕರ್‌ನಲ್ಲಿ ಬರುತ್ತದೆ.

ರಾಕ್, ಮೆಟಲ್ ನುಡಿಸುವ ಕಾಲೇಜು ಹುಡುಗರಿಗೆ ನೇರವಾಗಿ ಹೇಳುತ್ತೇನೆ, ಕೈಬಡಿತದ್ದಕ್ಕೆ ದುಡ್ಡು ಸುರಿಯಬೇಡಿ. ಬೇಕಾಗಿರುವುದು ದೊಡ್ಡ ಬೆಲ್, 2900ಕ್ಕೂ ಮೇಲಿನ ತೂಕ, ಗಿಟಾರ್ ಸೀಳಿ ಬರುವ ಟಿಂಗ್. ಸುತ್ತಿಗೆ ತಂದ ಆ ಗಾಢವಾದ ಒಳದನಿಗಳು ಗಿಟಾರಿನ ಡಿಸ್ಟಾರ್ಷನ್ (ಬೇಕೆಂದೇ ಒಡೆಸಿದ ದನಿ) ಕೆಳಗೆ ಹೂತುಹೋಗುತ್ತವೆ. 92 ಪಾಲು ತಾಮ್ರ, 8 ಪಾಲು ತವರದ ಬಿ8 ಯಂತ್ರದ ರೈಡ್ ಅದೇ ಕೆಲಸ ಮಾಡುತ್ತದೆ.

ಪರೀಕ್ಷೆಗೆ ನಿಮ್ಮವೇ ಕಡ್ಡಿ ಒಯ್ಯಿರಿ. ನೈಲಾನ್ ತುದಿ ಯಾವ ರೈಡನ್ನೂ ಚುರುಕಾಗಿ ತೋರಿಸುತ್ತದೆ, ಮರದ ತುದಿಯಲ್ಲಿ ಅದೇ ರೈಡ್ ಮಂಕಾಗಬಹುದು. ಸಿಂಬಲ್ ಮೇಲಿನ ವಿಂಗ್ ನಟ್ (ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್) ಸಡಿಲ ಮಾಡಿ, ಸಿಂಬಲ್ ಕೈತಾಗಿದರೆ ತೂಗುವಷ್ಟು. ಮೆಟ್ರೊನೋಮ್ (ಲಯ ತೋರಿಸುವ ಯಂತ್ರ) ನಿಮಿಷಕ್ಕೆ 100 ಬಡಿತಕ್ಕೆ ಇಟ್ಟು ಒಂದು ನಿಮಿಷ ಬಿಡದೆ ನುಡಿಸಿ, ಆಮೇಲೆ 180ಕ್ಕೆ. ಎರಡನೆಯದರಲ್ಲಿ ಅರ್ಧ ನಿಮಿಷದೊಳಗೆ ಕಡ್ಡಿ ದನಿ ವಾಶಿನಲ್ಲಿ ಮುಳುಗಿದರೆ ಆ ರೈಡ್ ಜೋರು ವಾದನಕ್ಕಲ್ಲ. ನಂತರ ಭುಜದಿಂದ ಬೆಲ್, ಕೊನೆಗೆ ಅಂಚು. ಅಷ್ಟಾದ ಮೇಲೆ ಇನ್ನೊಬ್ಬರ ಕೈಗೆ ಕಡ್ಡಿ ಕೊಟ್ಟು ನಾಲ್ಕು ಮೀಟರ್ ದೂರ ನಿಂತು ಕೇಳಿ. ಕಿವಿ ಪಕ್ಕದಲ್ಲಿ ಸ್ವಲ್ಪ ಒರಟು ಅನಿಸಿದ್ದು ದೂರದಲ್ಲಿ ಹದವಾಗುತ್ತದೆ, ಹತ್ತಿರದಲ್ಲಿ ಜೇನಿನಂಥದ್ದು ಬ್ಯಾಂಡ್ ನಡುವೆ ಕಾಣೆಯಾಗುತ್ತದೆ.

ಬೆಳಗಾವಿಯಲ್ಲೋ ಬಾಗಲಕೋಟೆಯಲ್ಲೋ ಕೂತು ಆನ್‌ಲೈನ್ ತರಿಸುವುದಾದರೆ, ಕಳಿಸಲಿರುವ ಅದೇ ತುಂಡಿನ ವಿಡಿಯೋ ಕೇಳಿ, ರಿವರ್ಬ್ (ಕೃತಕ ಮಾರ್ದನಿ) ಹಾಕದ್ದು. ಕೆಳಮೈಯ ಫೋಟೋ, ಗ್ರಾಂ, ವಾಪಸಿ ಷರತ್ತು ಮೊದಲೇ ಕೇಳಿ. 'ಈ ಮಾಡೆಲ್ ಹೀಗೆ ಕೇಳುತ್ತದೆ' ಎಂಬ ಕಂಪನಿ ವಿಡಿಯೋ ಕೈಬಡಿತದ್ದಕ್ಕೆ ಸಾಕಾಗದು.

ಹಳೆಯದು ಕೊಳ್ಳುವಾಗ ಅಂಚಿನ ಸುತ್ತ ಹತ್ತಿಯ ಉಂಡೆ ಎಳೆಯುತ್ತೇನೆ. ಕಣ್ಣಿಗೆ ಕಾಣದ ಸೀಳು ಇದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ನಡುವಿನ ತೂತು ದುಂಡಗಿದೆಯೇ ನೋಡಿ. ಒಂದು ಬದಿಗೆ ಸವೆದು ಬೀಗದ ಕೈ ತೂರಿಸುವ ತೂತಿನಂತೆ ಆಗಿದ್ದರೆ ಸ್ಲೀವ್ (ತೂತಿಗೂ ಸ್ಟ್ಯಾಂಡಿನ ಕಡ್ಡಿಗೂ ನಡುವಿನ ಸಣ್ಣ ಕೊಳವೆ) ಇಲ್ಲದೆ ನುಡಿಸಿದ್ದಾರೆ ಎಂದರ್ಥ, ಬೆಲೆ ಇಳಿಸಿ ಕೇಳಿ. ಗೆರೆಯ ಗುಂಟ ಓಡುವ ಸೀಳಿದ್ದರೆ ಕೈ ಬಿಡಿ.

ರಿವೆಟ್‌ನ (ತೂತಿನಲ್ಲಿ ಸಡಿಲವಾಗಿ ಕೂರಿಸುವ ಸಣ್ಣ ಲೋಹದ ಮೊಳೆ) ಝರಝರ ದನಿ ಬೇಕೆಂದು ಕೂಡಲೇ ಡ್ರಿಲ್ ಹಿಡಿಯಬೇಡಿ, ಕೊರೆದ ತೂತು ಮುಚ್ಚಲಾಗದು. ವಾಶ್‌ಬೇಸಿನ್ ಬುಚ್ಚಿಗೆ ಕಟ್ಟುವ ಸಣ್ಣ ಗುಂಡಿನ ಸರ 25–30 ಸೆಂಟಿಮೀಟರ್ ತಂದು ವಿಂಗ್ ನಟ್‌ಗೆ ಸಿಕ್ಕಿಸಿ ಮೈಮೇಲೆ ಬಿಟ್ಟರೆ ಹೆಚ್ಚುಕಡಿಮೆ ಅದೇ ದನಿ, ಬೇಡವಾದಾಗ ತೆಗೆಯಬಹುದು. ವಾಶ್ ಜಾಸ್ತಿಯಾದರೆ ಕೆಳಮೈಗೆ, ಅಂಚಿನಿಂದ ನಾಲ್ಕು ಬೆರಳು ಒಳಗೆ, ಎರಡು ಬೆರಳಗಲ ಬಟ್ಟೆ ಟೇಪ್. ಒಂದು ತುಂಡು ಹಚ್ಚಿ ಕೇಳಿ, ಆಮೇಲೆ ಇನ್ನೊಂದು.

ತಾಟು ಬೆಳಗಿದಂತೆ ಹುಣಸೆಹಣ್ಣು, ಪಾತ್ರೆ ಪುಡಿ ಹಚ್ಚಿದರೆ ಶಾಯಿಯ ತೂಕ, ಹೆಸರು ಎಲ್ಲ ಹೋಗುತ್ತದೆ, ಪುಡಿ ಗೆರೆಗಳಲ್ಲಿ ಕೂರುತ್ತದೆ, ವರ್ಷಗಳಿಂದ ಕೂಡಿದ ಕಂದು ಪದರವೂ ಹೋಗುತ್ತದೆ. ಬೆಳಗಾವಿ ಮಳೆಗಾಲದಲ್ಲಿ ಒದ್ದೆ ಬ್ಯಾಗಿನಲ್ಲಿ ಬಿಟ್ಟರೆ ಹಸಿರು ಕಲೆ ಬರುತ್ತದೆ. ಮನೆಗೆ ಬಂದ ಕೂಡಲೇ ಹೊರತೆಗೆದು ಒರೆಸಿ. ವಿಜಯಪುರದ ಬೇಸಿಗೆಯಲ್ಲಿ ತೊಂದರೆ ಧೂಳಿನದು, ಒಣ ಬ್ರಷ್ ಸಾಕು. ಟೆಂಪೋದಲ್ಲಿ ಸಾಗಿಸುವಾಗ ಎರಡು ಸಿಂಬಲ್ ನಡುವೆ ಹಳೆ ಕಾಟನ್ ಸೀರೆ ತುಂಡು ಹಾಕಿ.

ಸ್ಲೀವ್ ಹರಿದಾಗ ಕಂಪನಿಯದಕ್ಕೆ ಕಾಯುವುದಿಲ್ಲ. ಗೌಂಡಿಗಳು ಮಟ್ಟ ನೋಡುವ ಲೆವೆಲ್ ಪೈಪಿನಲ್ಲಿ ಸ್ಟ್ಯಾಂಡಿನ ಕಡ್ಡಿಗೆ ಬಿಗಿಯಾಗಿ ಕೂರುವ ಅಳತೆಯದನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ತೂರಿಸಿ ನೋಡಿಯೇ ತರುತ್ತೇನೆ. ನಾಲ್ಕು ಸೆಂಟಿಮೀಟರಿನ ತುಂಡು ಮಾಡಿದರೆ ಒಂದು ಗೇಣು ಪೈಪಿಗೆ ಐದು ಸ್ಲೀವ್ ಆಗುತ್ತವೆ.